ಮಿಂಚಿಹೋದ ಕಾರ್ಯವೂ ಕೈಯಲ್ಲಿರುವ ಶಕ್ತಿಯೂ

ಪರೀಕ್ಷೆಯ ಫಲಿತಾಂಶ ಪ್ರಕಟವಾದ ದಿನ ಶಾಲೆಯ ಅಂಗಳದಲ್ಲಿ ಎರಡು ಬಗೆಯ ಮುಖಗಳನ್ನು ಕಾಣುತ್ತೇವೆ. ಕೆಲವು ಅರಳಿರುತ್ತವೆ, ಕೆಲವು ಬಾಡಿರುತ್ತವೆ. ಬಾಡಿದ ಮುಖದ ವಿದ್ಯಾರ್ಥಿಯನ್ನು ಮಾತನಾಡಿಸಿದರೆ, "ಮೊದಲೇ ಓದಬೇಕಾಗಿತ್ತು, ಆ ಲೆಕ್ಕವನ್ನು ಬಿಡಬಾರದಾಗಿತ್ತು" ಎಂದು ನಿಟ್ಟುಸಿರು ಬಿಡುತ್ತಾನೆ. 'ಬೇಕಾಗಿತ್ತು', 'ಬಾರದಾಗಿತ್ತು' ಎಂಬ ಎರಡು ಮಾತುಗಳಲ್ಲಿಯೇ ಅವನ ರಜೆಯೆಲ್ಲ ಕಳೆದುಹೋಗುತ್ತದೆ. ಮಿಂಚಿಹೋದ ಕಾರ್ಯಕ್ಕೆ ಚಿಂತಿಸಿ ಫಲವಿಲ್ಲ ಎಂಬ ಗಾದೆಯನ್ನು ನಾವೆಲ್ಲರೂ ಬಲ್ಲೆವು. ಆದರೆ ಚಿಂತೆಯನ್ನು ಬಿಟ್ಟು ಏನನ್ನು ಹಿಡಿಯಬೇಕು ಎಂಬುದೇ ವಿಚಾರ ಮಾಡತಕ್ಕ ವಿಷಯ.

ಮೊದಲು ಒಂದು ಭೇದವನ್ನು ಅರಿಯಬೇಕು. ಪಶ್ಚಾತ್ತಾಪವು ಎರಡು ಬಗೆಯದು. ಮಾಡಿದ ತಪ್ಪನ್ನು ತೋರಿಸಿ, ತಿದ್ದಿಕೊಳ್ಳುವಂತೆ ಮಾಡಿ ಮರೆಯಾಗುವುದು ಒಂದು. ಅದು ಗುರುವಿನಂತೆ. ತಪ್ಪನ್ನು ದಿನವೂ ನೆನಪಿಸುತ್ತ, ತಿದ್ದುವ ಶಕ್ತಿಯನ್ನೇ ಹೀರಿಬಿಡುವುದು ಇನ್ನೊಂದು. ಅದು ಗೆದ್ದಲಿನಂತೆ. ಮೊದಲನೆಯದಕ್ಕೆ ಒಂದು ದಿನವನ್ನು ಕೊಡಬಹುದು. ಎರಡನೆಯದಕ್ಕೆ ಒಂದು ಗಳಿಗೆಯನ್ನೂ ಕೊಡಲಾಗದು.

ನಾವು ವಾಸಿಸುವ ಈ ಚೆನ್ನೈ ನಗರದಲ್ಲಿಯೇ ಇದಕ್ಕೆ ಉಜ್ವಲವಾದ ನಿದರ್ಶನವೊಂದುಂಟು. ಗಣಿತಜ್ಞ ಶ್ರೀನಿವಾಸ ರಾಮಾನುಜನ್ ಅವರು 1887ರ ಡಿಸೆಂಬರ್ 22ರಂದು ಈರೋಡಿನಲ್ಲಿ ಜನಿಸಿದರು. ಬೆಳೆದುದು ಕುಂಭಕೋಣದಲ್ಲಿ. ಶಾಲೆಯಲ್ಲಿ ಅವರು ಜಾಣ ವಿದ್ಯಾರ್ಥಿ. 1904ರಲ್ಲಿ ವಿದ್ಯಾರ್ಥಿವೇತನದೊಡನೆ ಕಾಲೇಜನ್ನು ಸೇರಿದರು. ಆದರೆ ಗಣಿತವೊಂದನ್ನುಳಿದು ಬೇರೆ ವಿಷಯಗಳತ್ತ ಅವರ ಮನಸ್ಸು ಹರಿಯಲಿಲ್ಲ. ಇಂಗ್ಲಿಷಿನಲ್ಲಿ ಅನುತ್ತೀರ್ಣರಾದರು; ವಿದ್ಯಾರ್ಥಿವೇತನವು ತಪ್ಪಿತು. 1906ರಲ್ಲಿ ಅಂದಿನ ಮದರಾಸಿಗೆ ಬಂದು ಪಚ್ಚಯ್ಯಪ್ಪ ಕಾಲೇಜನ್ನು ಸೇರಿದರು. ಅಲ್ಲಿಯೂ ಪರೀಕ್ಷೆಯು ಕೈಗೂಡಲಿಲ್ಲ. ಪದವಿಯಿಲ್ಲ, ಹಣವಿಲ್ಲ, ಉದ್ಯೋಗವಿಲ್ಲ. 'ಬೇಕಾಗಿತ್ತು', 'ಬಾರದಾಗಿತ್ತು' ಎಂದು ಕೊರಗಲು ಅವರಿಗೆ ಎಷ್ಟು ಕಾರಣಗಳಿದ್ದವೆಂಬುದನ್ನು ಊಹಿಸಿರಿ!

ಆದರೆ ಅವರು ಮಾಡಿದುದೇನು? ತಮ್ಮಲ್ಲಿದ್ದ ಒಂದೇ ಬಂಡವಾಳವನ್ನು ಬಿಡದೆ ಹಿಡಿದರು. ಕಾಗದವು ದುಬಾರಿಯಾದುದರಿಂದ ಸ್ಲೇಟಿನ ಮೇಲೆ ಲೆಕ್ಕ ಮಾಡಿ, ಮೊಳಕೈಯಿಂದ ಒರಸಿ, ಫಲವನ್ನು ಮಾತ್ರ ನೋಟ್ ಪುಸ್ತಕದಲ್ಲಿ ಬರೆದಿಡುತ್ತಿದ್ದರು. ಉದ್ಯೋಗವನ್ನು ಅರಸಿ ದೊಡ್ಡವರ ಬಳಿಗೆ ಹೋದಾಗ ಅವರ ಕೈಯಲ್ಲಿ ಇದ್ದುದು ಪದವಿಪತ್ರವಲ್ಲ, ಈ ನೋಟ್ ಪುಸ್ತಕ. 1911ರಲ್ಲಿ ಅವರ ಮೊದಲ ಪ್ರಬಂಧವು ಭಾರತೀಯ ಗಣಿತ ಸಂಘದ ಪತ್ರಿಕೆಯಲ್ಲಿ ಪ್ರಕಟವಾಯಿತು. 1912ರಲ್ಲಿ ಮದರಾಸಿನ ಬಂದರು ಕಚೇರಿಯಲ್ಲಿ ತಿಂಗಳಿಗೆ ಮೂವತ್ತು ರೂಪಾಯಿ ಸಂಬಳದ ಗುಮಾಸ್ತೆಯಾದರು.

1913ರ ಜನವರಿಯಲ್ಲಿ ಅವರು ಕೇಂಬ್ರಿಜ್‌ನ ಗಣಿತಜ್ಞ ಹಾರ್ಡಿಯವರಿಗೆ ಬರೆದ ಪತ್ರವು ಲೋಕಪ್ರಸಿದ್ಧವಾಗಿದೆ. ತಾನು ಗುಮಾಸ್ತೆಯೆಂಬುದನ್ನೂ ವಿಶ್ವವಿದ್ಯಾಲಯದ ಶಿಕ್ಷಣವಿಲ್ಲವೆಂಬುದನ್ನೂ ಅವರು ಮುಚ್ಚಿಡಲಿಲ್ಲ. ಆದರೆ ಅದಕ್ಕೆ ಕೊಟ್ಟ ಸ್ಥಳ ಕೆಲವೇ ಸಾಲುಗಳು. ಉಳಿದ ಪುಟಗಳನ್ನು ತುಂಬಿದುದು ತಾವು ಕಂಡುಕೊಂಡ ಗಣಿತ ಸೂತ್ರಗಳಿಂದ. ಕೊರತೆಗೆ ನಾಲ್ಕು ಸಾಲು, ಶಕ್ತಿಗೆ ಹಲವು ಪುಟ. ಆ ಪತ್ರದಿಂದ ನಾವು ಕಲಿಯಬೇಕಾದ ಪಾಠವೂ ಇದೇ. ಮುಂದೆ 1914ರಲ್ಲಿ ಅವರು ಇಂಗ್ಲೆಂಡಿಗೆ ತೆರಳಿದರು. 1918ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಸದಸ್ಯರಾದರು. 1920ರಲ್ಲಿ, ಮೂವತ್ತೆರಡರ ಎಳೆಯ ಪ್ರಾಯದಲ್ಲಿ ತೀರಿಕೊಂಡರೂ ಅವರ ಸೂತ್ರಗಳು ಇಂದಿಗೂ ಗಣಿತಜ್ಞರಿಗೆ ಕೆಲಸ ಕೊಡುತ್ತಿವೆ.

ಇದರಿಂದ, ಇಷ್ಟವಿಲ್ಲದ ಪಾಠವನ್ನು ಬಿಟ್ಟುಬಿಡಬಹುದೆಂದು ಯಾರೂ ಭಾವಿಸಕೂಡದು. ಹಾಗೆ ಬಿಟ್ಟುದರಿಂದ ರಾಮಾನುಜನ್ ಅವರು ಪಟ್ಟ ಬವಣೆ ಅಲ್ಪವಲ್ಲ. ಇಂಗ್ಲೆಂಡಿನಲ್ಲಿ ಹಾರ್ಡಿಯವರ ಸಂಗಡ ದುಡಿಯುವಾಗ, ಸೂತ್ರಗಳಿಗೆ ಕ್ರಮಬದ್ಧವಾದ ಸಾಧನೆಯನ್ನು ಒದಗಿಸುವ ವಿಧಾನವನ್ನು ಅವರು ಹೊಸದಾಗಿ ಕಲಿಯಬೇಕಾಯಿತು. ಶಕ್ತಿಯನ್ನು ನೆಚ್ಚಿ ನಿಂತವನಿಗೆ ಕೊರತೆಯನ್ನು ತುಂಬಿಕೊಳ್ಳುವ ಧೈರ್ಯವೂ ತಾನಾಗಿ ಬರುತ್ತದೆ. ಕೊರತೆಯನ್ನೇ ನೆನೆದು ಕುಳಿತವನಿಗೆ ಶಕ್ತಿಯೂ ಸೊರಗುತ್ತದೆ.

ಕನ್ನಡ ಶಾಲೆಯ ಮಕ್ಕಳಾದ ನಮಗೆ ಈ ಮಾತು ವಿಶೇಷವಾಗಿ ಅನ್ವಯಿಸುತ್ತದೆ. "ಇಂಗ್ಲಿಷ್ ಶಾಲೆಗೆ ಸೇರಬೇಕಾಗಿತ್ತು" ಎಂದು ನಮ್ಮಲ್ಲಿ ಕೆಲವರು ಒಳಗೊಳಗೇ ನೊಂದುಕೊಳ್ಳುವುದುಂಟು. ಇಂಗ್ಲಿಷನ್ನು ಶ್ರಮವಹಿಸಿ ಕಲಿಯಲೇಬೇಕು, ಅದಕ್ಕೆ ಸಂಶಯವಿಲ್ಲ. ಆದರೆ ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು, ಪಾಠದಲ್ಲಿ ಇಂಗ್ಲಿಷ್ ಎಂದು ಮೂರು ನುಡಿಗಳಲ್ಲಿ ದಿನವೂ ವ್ಯವಹರಿಸುವ ಬಾಲಕನು ಬಡವನೆ? ಅಂಗಡಿಯಲ್ಲಿ ತಾಯಿಗಾಗಿ ತಮಿಳಿನಲ್ಲಿ ಬೆಲೆ ಕೇಳಿ, ಊರಿನ ಅಜ್ಜಿಗೆ ಕನ್ನಡದಲ್ಲಿ ಕಾಗದ ಬರೆಯಬಲ್ಲ ಬಾಲಕಿಗೆ ಏನು ಕಡಿಮೆ? ಇದು ಕೈಯಲ್ಲಿರುವ ಹೊನ್ನು. ಇದನ್ನು ಎಣಿಸದೆ ಇಲ್ಲದುದನ್ನೇ ಎಣಿಸುವುದು ಜಾಣತನವಲ್ಲ.

ವಿದ್ಯಾರ್ಥಿ ಮಿತ್ರರು ಒಂದು ಅಭ್ಯಾಸವನ್ನು ಮಾಡಿ ನೋಡಲಿ. ಒಂದು ಹಾಳೆಯಲ್ಲಿ ನಿಮಗೆ ಚೆನ್ನಾಗಿ ಬರುವ ಮೂರು ಕೆಲಸಗಳನ್ನು ಬರೆಯಿರಿ. ಅದು ಲೆಕ್ಕವಾಗಲಿ, ಚಿತ್ರವಾಗಲಿ, ಓಟವಾಗಲಿ, ತಮ್ಮ ತಂಗಿಯರಿಗೆ ಪಾಠ ಹೇಳುವುದೇ ಆಗಲಿ. ಅದರ ಕೆಳಗೆ, ತಿದ್ದಿಕೊಳ್ಳಬೇಕಾದ ಒಂದೇ ಒಂದು ಕೊರತೆಯನ್ನು ಬರೆಯಿರಿ. ಮೇಲಿನ ಮೂರರ ಬಲದಿಂದ ಕೆಳಗಿನ ಒಂದನ್ನು ಗೆಲ್ಲುವ ಬಗೆಯನ್ನು ಯೋಚಿಸಿರಿ. ತಿಂಗಳು ಕಳೆದ ಮೇಲೆ ಹಾಳೆಯನ್ನು ಮತ್ತೆ ತೆರೆದು ನೋಡಿರಿ.

ನಿನ್ನೆಯನ್ನು ತಿದ್ದಿ ಬರೆಯಲು ಯಾರಿಂದಲೂ ಆಗದು. ನಾಳೆಯ ಪುಟ ಇನ್ನೂ ಖಾಲಿಯಾಗಿದೆ. ಲೇಖನಿಯು ನಿಮ್ಮ ಕೈಯಲ್ಲಿಯೇ ಇದೆ.