ಲಾರಿಯ ಮುಂದಿನ ಗಾಜು

ಶಾಲೆಗೆ ಬರುವ ದಾರಿಯಲ್ಲಿ ನೀವು ದಿನವೂ ಎಷ್ಟೋ ಲಾರಿಗಳನ್ನು ಕಾಣುತ್ತೀರಿ. ಅವುಗಳ ಬೆನ್ನ ಮೇಲಿನ ಬರಹಗಳನ್ನು ಓದಿ ನಗುತ್ತೀರಿ. ಆದರೆ ಮುಂಬದಿಯ ದೊಡ್ಡ ಗಾಜನ್ನು ನೀವು ಗಮನಿಸಿರಲಾರಿರಿ. ಗಾಜು ಸರಿಯಾಗಿರುವಷ್ಟು ದಿನ ಅದು ಕಣ್ಣಿಗೆ ಬೀಳುವುದಿಲ್ಲ. ಒಡೆದ ದಿನವೇ ಅದರ ಬೆಲೆ ತಿಳಿಯುವುದು. ನಿಮ್ಮಲ್ಲಿ ಕೆಲವರ ತಂದೆಯವರು ಲಾರಿ ನಡೆಸುತ್ತಾರೆ. ಕೆಲವರ ಅಣ್ಣಂದಿರು ಗ್ಯಾರೇಜುಗಳಲ್ಲಿ ದುಡಿಯುತ್ತಾರೆ. ಅವರ ಕೈಕೆಲಸದಲ್ಲಿ ಎಷ್ಟು ಶಾಸ್ತ್ರವು ಅಡಗಿದೆಯೆಂಬುದನ್ನು ತೋರಿಸುವ ಸಲುವಾಗಿ, ಹಳೆಯ ಲಾರಿಯ ಮುಂದಿನ ಗಾಜನ್ನು ಬದಲಾಯಿಸುವ ಕ್ರಮವನ್ನು ಇಲ್ಲಿ ವಿವರಿಸುತ್ತೇನೆ.

ಇದನ್ನು ನಾನು ಪುಸ್ತಕದಿಂದ ಕಲಿತವನಲ್ಲ. 2009ರ ಮೇ ತಿಂಗಳಲ್ಲಿ ಕಳಂಬೋಲಿಯ ಒಂದು ಗ್ಯಾರೇಜಿನ ಮುಂದೆ, ನನ್ನ ಸೋದರಮಾವನ ಲಾರಿಯ ಬಳಿ ನಿಂತು, ತಪ್ಪು ಮಾಡಿ ಕಲಿತೆನು. ಆಗ ನಾನು ಹತ್ತನೆಯ ತರಗತಿಯನ್ನು ಮುಗಿಸಿ, ಕೆಲಸವನ್ನರಸಿ ಈ ಊರಿಗೆ ಬಂದಿದ್ದೆ. ಮಾವನು ವಿಜಯಪುರದ ಕಡೆಯಿಂದ ವಾಶಿಯ ಮಾರುಕಟ್ಟೆಗೆ ಈರುಳ್ಳಿಯನ್ನು ತರುತ್ತಿದ್ದನು. ದಾರಿಯಲ್ಲಿ ಮುಂದಿನ ವಾಹನದ ಚಕ್ರದಿಂದ ಸಿಡಿದ ಕಲ್ಲೊಂದು ಗಾಜಿಗೆ ಬಡಿದು, ಬಿರುಕು ಚಾಲಕನ ಕಣ್ಣಿಗೆ ಅಡ್ಡವಾಗಿ ಹರಡಿತ್ತು. ಮಳೆಗಾಲಕ್ಕೆ ಹೆಚ್ಚು ದಿನಗಳಿರಲಿಲ್ಲ. ಹೀಗಾಗಿ ಹೊಸ ಗಾಜನ್ನೂ ಹೊಸ ರಬ್ಬರನ್ನೂ ಹಾಕಿಸಲೇಬೇಕಾಯಿತು.

ಗಾಜು

ವಾಹನಗಳ ಗಾಜುಗಳಲ್ಲಿ ಮುಖ್ಯವಾಗಿ ಎರಡು ಬಗೆ. ಒಂದು, ಬಿಸಿಮಾಡಿ ಥಟ್ಟನೆ ತಣಿಸಿ ಗಟ್ಟಿಗೊಳಿಸಿದ್ದು. ಇದು ಒಡೆದರೆ ಕಲ್ಲುಸಕ್ಕರೆಯಂತೆ ಸಣ್ಣ ಸಣ್ಣ ತುಂಡುಗಳಾಗಿ ಉದುರುತ್ತದೆ. ಇನ್ನೊಂದು, ಎರಡು ಗಾಜಿನ ಹಾಳೆಗಳ ನಡುವೆ ಪಾರದರ್ಶಕವಾದ ಪ್ಲಾಸ್ಟಿಕ್ ಪದರವನ್ನಿಟ್ಟು ಅಂಟಿಸಿದ್ದು. ಇದು ಒಡೆದರೂ ಚೂರುಗಳು ನಡುವಿನ ಪದರಕ್ಕೆ ಅಂಟಿಕೊಂಡೇ ಇರುತ್ತವೆ. ಮುಂದಿನ ಗಾಜಿಗೆ ಈ ಎರಡನೆಯ ಬಗೆಯೇ ತಕ್ಕದ್ದು.

ಇದರ ಹುಟ್ಟಿನ ಕಥೆ ಸ್ವಾರಸ್ಯವಾಗಿದೆ. 1903ರಲ್ಲಿ ಫ್ರಾನ್ಸಿನ ಎಡ್ವರ್ಡ್ ಬೆನೆಡಿಕ್ಟಸ್ ಎಂಬವರ ಕೈಯಿಂದ ಗಾಜಿನ ಪಾತ್ರೆಯೊಂದು ಜಾರಿ ಬಿದ್ದಿತೆಂದೂ, ಅದು ಬಿರುಕುಬಿಟ್ಟರೂ ಚೂರಾಗಲಿಲ್ಲವೆಂದೂ ಹೇಳುತ್ತಾರೆ. ಹಿಂದೆ ಅದರಲ್ಲಿದ್ದ ದ್ರಾವಣವು ಆರಿ, ಒಳಮೈಗೆ ತೆಳುವಾದ ಪೊರೆಯಂತೆ ಅಂಟಿಕೊಂಡಿತ್ತು. ಆ ಪೊರೆಯೇ ಚೂರುಗಳನ್ನು ಹಿಡಿದಿಟ್ಟಿತ್ತು. 1909ರಲ್ಲಿ ಅವರು ಇಂತಹ ಗಾಜಿಗೆ ಪೇಟೆಂಟ್ ಪಡೆದರು.

ಒಂದು ಚದರ ಮೀಟರ್ ಅಗಲದ, ಒಂದು ಮಿಲಿಮೀಟರ್ ದಪ್ಪದ ಗಾಜು ಎರಡೂವರೆ ಕಿಲೋ ತೂಗುತ್ತದೆ. ಗಾಜಿನ ಉದ್ದ 150 ಸೆಂಟಿಮೀಟರ್, ಎತ್ತರ 60 ಸೆಂಟಿಮೀಟರ್, ದಪ್ಪ 6 ಮಿಲಿಮೀಟರ್ ಎಂದಿಟ್ಟುಕೊಂಡರೆ ಅದರ ತೂಕ ಸುಮಾರು ಹದಿಮೂರೂವರೆ ಕಿಲೋ ಆಗುತ್ತದೆ. ಆದುದರಿಂದ ಇದು ಒಬ್ಬನಿಂದ ಆಗತಕ್ಕ ಕೆಲಸವಲ್ಲ.

ರಬ್ಬರು

ಈಚಿನ ಕಾರುಗಳ ಮುಂದಿನ ಗಾಜನ್ನು ಅಂಟಿನಿಂದಲೇ ತಗಡಿಗೆ ಅಂಟಿಸುತ್ತಾರೆ. ಹಳೆಯ ಲಾರಿಗಳಲ್ಲಿ ಹಾಗಲ್ಲ. ಅಲ್ಲಿ ಗಾಜಿನ ಸುತ್ತಲೂ ರಬ್ಬರಿನ ಪಟ್ಟಿಯೊಂದಿರುತ್ತದೆ. ಗ್ಯಾರೇಜಿನವರು ಇದನ್ನು ‘ಬೀಡಿಂಗ್’ ಎನ್ನುತ್ತಾರೆ. ಈ ಪಟ್ಟಿಯನ್ನು ಅಡ್ಡಲಾಗಿ ಕೊಯ್ದು ನೋಡಿದರೆ ಅದು ಇಂಗ್ಲಿಷಿನ ‘ಎಚ್’ ಅಕ್ಷರದಂತೆ ಕಾಣುತ್ತದೆ. ಅದರಲ್ಲಿ ಎರಡು ಕಾಲುವೆಗಳುಂಟು. ಒಂದರಲ್ಲಿ ಗಾಜಿನ ಅಂಚು ಕೂರುತ್ತದೆ. ಇನ್ನೊಂದು ಕಾಲುವೆಯು ಲಾರಿಯ ತಗಡಿನ ಅಂಚನ್ನು ಕಚ್ಚಿ ಹಿಡಿಯುತ್ತದೆ. ತಗಡಿನ ಒಳಬದಿಗೆ ಮಡಚಿಕೊಳ್ಳುವ ರಬ್ಬರಿನ ಭಾಗವನ್ನು ನಾವು ‘ಸೆರಗು’ ಎಂದು ಕರೆಯೋಣ.

ರಬ್ಬರೇ ಏಕೆ? ಗಾಜು ಗಟ್ಟಿ, ಆದರೆ ಬಾಗದು. ಲಾರಿಯಾದರೋ ಹಳ್ಳದಿಣ್ಣೆಗಳಲ್ಲಿ ಹೊರೆ ಹೊತ್ತು ಸಾಗುವಾಗ ಅದರ ಮೈಯೆಲ್ಲ ತಿರುಚಿಕೊಳ್ಳುತ್ತದೆ. ಬಿಸಿಲಿನಿಂದಲೂ ಉಕ್ಕು ಹಿಗ್ಗುತ್ತದೆ. ಉಷ್ಣಮಾನವು 40 ಡಿಗ್ರಿ ಏರಿದರೆ ಒಂದು ಮೀಟರ್ ಉಕ್ಕು ಸುಮಾರು ಅರ್ಧ ಮಿಲಿಮೀಟರ್ ಬೆಳೆಯುತ್ತದೆ. ಗಾಜು ಅಷ್ಟು ಬೆಳೆಯುವುದಿಲ್ಲ. ಈ ಎರಡರ ನಡುವೆ ನಿಂತು, ತಗಡಿನ ಚಲನೆಯನ್ನು ತಾನು ನುಂಗಿ, ಗಾಜಿಗೆ ಪೆಟ್ಟು ತಗಲದಂತೆ ಕಾಯುವುದೇ ರಬ್ಬರಿನ ಕೆಲಸ. ಗಾಜಿಗೆ ಎಲ್ಲ ಕಡೆಯೂ ಸಮನಾದ ಆಸರೆ ದೊರೆಯಬೇಕು. ಒಂದೇ ಬಿಂದುವಿನಲ್ಲಿ ಒತ್ತಡ ಬಿದ್ದರೆ ಅದು ಸಹಿಸದು. ಈ ಮಾತನ್ನು ನೆನಪಿನಲ್ಲಿಡಿರಿ. ಮುಂದೆ ಇದು ಬೇಕಾಗುತ್ತದೆ.

ಹಳೆಯದನ್ನು ತೆಗೆಯುವುದು

ಮೊದಲು ವೈಪರುಗಳನ್ನು ಬಿಚ್ಚಿಡಬೇಕು. ಚೂರುಗಳು ಸಂದಿಗಳಿಗೆ ಬೀಳದಂತೆ ಚಾಲಕನ ಮುಂದಿನ ಹಲಗೆಗೂ ಆಸನಗಳಿಗೂ ಬಟ್ಟೆ ಹೊದಿಸಬೇಕು. ಕೈಗೆ ಚೀಲವನ್ನೂ ಕಣ್ಣಿಗೆ ಕನ್ನಡಕವನ್ನೂ ಧರಿಸತಕ್ಕದ್ದು. ಹಳೆಯ ರಬ್ಬರು ಬಿಸಿಲಿಗೆ ಗಡಸಾಗಿದ್ದರೆ ಅದನ್ನು ಉಳಿಸುವ ಪ್ರಯತ್ನ ವ್ಯರ್ಥ. ಹರಿತವಾದ ಚಾಕುವಿನಿಂದ ಅದರ ಹೊರಬದಿಯನ್ನು ಸುತ್ತಲೂ ಕೊಯ್ದರೆ ಗಾಜು ಸಡಿಲಾಗುತ್ತದೆ. ಒಬ್ಬನು ಒಳಗಿನಿಂದ ಮೆಲ್ಲಗೆ ನೂಕಬೇಕು. ಹೊರಗೆ ಇಬ್ಬರು ಹಿಡಿದುಕೊಳ್ಳಬೇಕು.

ತಗಡಿನ ಅಂಚು

ಗಾಜು ಹೊರಬಂದ ಮೇಲೆ ಅದುವರೆಗೆ ಮರೆಯಾಗಿದ್ದ ತಗಡಿನ ಅಂಚು ಕಾಣಿಸುತ್ತದೆ. ಹಳೆಯ ಲಾರಿಗಳಲ್ಲಿ, ವಿಶೇಷವಾಗಿ ಕೆಳಗಿನ ಮೂಲೆಗಳಲ್ಲಿ, ನೀರು ನಿಂತು ತುಕ್ಕು ಹಿಡಿದಿರುತ್ತದೆ. ಕಬ್ಬಿಣವು ತುಕ್ಕಾದಾಗ ಹೆಚ್ಚು ಜಾಗವನ್ನು ಆಕ್ರಮಿಸುತ್ತದೆ. ಆದುದರಿಂದ ನಯವಾಗಿರಬೇಕಾದ ಅಂಚು ಗಂಟುಗಂಟಾಗುತ್ತದೆ. ಹಳೆಯ ಅಂಟನ್ನೂ ತುಕ್ಕನ್ನೂ ತಂತಿ ಬ್ರಷ್ಷಿನಿಂದ ಕೆರೆದು, ಸ್ಯಾಂಡ್‌ಪೇಪರಿನಿಂದ ಉಜ್ಜಿ, ಹೊಳೆಯುವ ಲೋಹ ಕಾಣುವವರೆಗೆ ಶುಚಿಗೊಳಿಸಬೇಕು. ಸೊಟ್ಟಗಾದ ಅಂಚನ್ನು ನೇರಮಾಡಿ, ತೂತುಗಳಿದ್ದರೆ ಮುಚ್ಚಿ, ರೆಡ್ ಆಕ್ಸೈಡ್ ಬಳಿದು, ಮೇಲೆ ಬಣ್ಣ ಹಚ್ಚಿ, ಚೆನ್ನಾಗಿ ಒಣಗಲು ಬಿಡಬೇಕು. ಇಡೀ ಕೆಲಸದಲ್ಲಿ ಅತಿ ಬೇಸರದ ಭಾಗ ಇದೇ. ಅತಿ ಮುಖ್ಯವಾದ ಭಾಗವೂ ಇದೇ.

ಆ ದಿನ ಈ ಕೆಲಸವನ್ನು ನನಗೆ ಒಪ್ಪಿಸಿದ್ದರು. ಮೂರು ಬದಿಗಳನ್ನು ಶ್ರದ್ಧೆಯಿಂದ ಉಜ್ಜಿದೆ. ಕೆಳಗಿನ ಬಲಮೂಲೆಗೆ ಬರುವ ಹೊತ್ತಿಗೆ ತೋಳು ಸೋತಿತ್ತು, ಬಿಸಿಲು ಏರಿತ್ತು. ಅಲ್ಲಿ ಕಡಲೆಕಾಳಿನಷ್ಟು ದಪ್ಪದ ಒಂದು ಗಂಟು ಉಳಿದಿತ್ತು. ರಬ್ಬರಿನ ಕೆಳಗೆ ಯಾರು ನೋಡುತ್ತಾರೆ ಎಂದುಕೊಂಡು ಅದರ ಮೇಲೆಯೇ ಬಣ್ಣ ಬಳಿದುಬಿಟ್ಟೆ.

ಹುರಿಯ ಉಪಾಯ

ಇನ್ನು ಜೋಡಿಸುವ ಕ್ರಮ. ಕಂಬಳಿ ಹಾಸಿದ ಮೇಜಿನ ಮೇಲೆ ಗಾಜನ್ನು ಮಲಗಿಸಿ, ಅದರ ಸುತ್ತಲೂ ಹೊಸ ರಬ್ಬರನ್ನು ತೊಡಿಸಬೇಕು. ಅನಂತರ ತಗಡನ್ನು ಹಿಡಿಯತಕ್ಕ ಕಾಲುವೆಯೊಳಗೆ ನೈಲಾನ್ ಹುರಿಯೊಂದನ್ನು ಸುತ್ತಲೂ ಕೂರಿಸಬೇಕು. ಹುರಿಯ ಎರಡು ತುದಿಗಳು ಕೆಳಗಿನ ಬದಿಯ ನಡುವೆ ಒಂದು ಗೇಣಿನಷ್ಟು ಒಂದನ್ನೊಂದು ದಾಟಿ, ಲಾರಿಯ ಒಳಗೆ ಜೋತುಬೀಳುವಂತಿರಬೇಕು. ನಾವು ಮೇಲೆ ಹೇಳಿದ ಗಾಜಿನ ಸುತ್ತಳತೆ 420 ಸೆಂಟಿಮೀಟರ್. ಕೈಯಲ್ಲಿ ಹಿಡಿಯಲು ಬೇಕಾದ ತುದಿಗಳನ್ನೂ ಸೇರಿಸಿದರೆ ಸುಮಾರು ಐದೂವರೆ ಮೀಟರ್ ಹುರಿ ಬೇಕಾಗುತ್ತದೆ.

ಕಾಲುವೆಗೂ ತಗಡಿಗೂ ಸಾಬೂನಿನ ನೀರನ್ನು ಧಾರಾಳವಾಗಿ ಸವರಬೇಕು. ಎಣ್ಣೆಯನ್ನಾಗಲಿ ಗ್ರೀಸನ್ನಾಗಲಿ ಹಚ್ಚಬಾರದು. ಅವು ರಬ್ಬರನ್ನು ಕೆಡಿಸುತ್ತವೆ. ಬಳಿಕ ಗಾಜನ್ನು ಹೊರಗಿನಿಂದ ಎತ್ತಿ, ಕೆಳಗಿನ ಬದಿಯನ್ನು ಮೊದಲು ಅದರ ಸ್ಥಾನದಲ್ಲಿಟ್ಟು, ಹೊರಗಿನವರು ಅಂಗೈಯಿಂದ ಒತ್ತಿ ಹಿಡಿಯಬೇಕು. ಒಳಗಿರುವವನು ಹುರಿಯ ಒಂದು ತುದಿಯನ್ನು ಗಾಜಿನ ನಡುಭಾಗದ ಕಡೆಗೆ ನಿಧಾನವಾಗಿ ಎಳೆಯಬೇಕು. ಹುರಿ ಹೊರಬರುತ್ತಿದ್ದಂತೆ ಅದು ರಬ್ಬರಿನ ಸೆರಗನ್ನು ಎತ್ತಿ ತಗಡಿನ ಒಳಬದಿಗೆ ದಾಟಿಸುತ್ತದೆ. ಹುರಿ ಎಲ್ಲಿ ಹೊರಬರುವುದೋ ಅಲ್ಲಿಯೇ ಹೊರಗಿನವನ ಅಂಗೈ ಇರಬೇಕು. ಮೊದಲು ಕೆಳಬದಿ, ಅನಂತರ ಮೂಲೆಗಳು, ಆಮೇಲೆ ಎರಡು ಪಕ್ಕಗಳು, ಕೊನೆಗೆ ಮೇಲಿನ ಬದಿಯ ನಡುಭಾಗ. ಎಲ್ಲಿಯಾದರೂ ಬಿಗಿಯೆನಿಸಿದರೆ ಬಲ ಹಾಕದೆ ಕಾರಣವನ್ನು ಹುಡುಕಬೇಕು. ಹದಿಮೂರು ಕಿಲೋ ತೂಕದ ಗಾಜನ್ನು ಒಂದು ಹುರಿಯಿಂದ ಕೂರಿಸುವ ಈ ಉಪಾಯವನ್ನು ಕಂಡು ನಾನು ಬೆರಗಾದೆ. ಕೆಲವು ಲಾರಿಗಳ ರಬ್ಬರಿನಲ್ಲಿ ಮೇಲಿನಿಂದ ಕೂರಿಸುವ ಇನ್ನೊಂದು ತೆಳುವಾದ ಬಿಗಿಪಟ್ಟಿಯೂ ಇರುತ್ತದೆ. ಅದನ್ನು ಕೊನೆಯಲ್ಲಿ ಹಾಕಬೇಕು.

ಎಲ್ಲ ಮುಗಿದ ಮೇಲೆ ಹೊರಗಿನಿಂದ ನೀರನ್ನು ಸುರಿದು, ಒಳಗೆ ಒಬ್ಬನು ಕುಳಿತು ನೋಡಬೇಕು. ನಮ್ಮ ಲಾರಿಯೊಳಗೆ ಒಂದು ಹನಿಯೂ ಬರಲಿಲ್ಲ. ಎಲ್ಲರೂ ಚಹಾ ಕುಡಿದೆವು.

ಎಂಟನೆಯ ದಿನ

ಎಂಟು ದಿನಗಳ ಬಳಿಕ ಮಾವನು ತುಂಬಿದ ಲಾರಿಯೊಡನೆ ಹಿಂದಿರುಗಿದನು. ಹೊಸ ಗಾಜಿನಲ್ಲಿ ಕೆಳಗಿನ ಬಲಮೂಲೆಯಿಂದ ಹೊರಟ ಬಿರುಕೊಂದು ಅರ್ಧ ಗಾಜನ್ನು ದಾಟಿತ್ತು. ಕಲ್ಲು ಬಡಿದಿದ್ದರೆ ಬಿರುಕಿನಲ್ಲಿ ಎಲ್ಲಿಯಾದರೂ ಒಂದು ಸಣ್ಣ ಕುಳಿಯಿರುತ್ತದೆ. ಉಗುರಿನಿಂದ ಸವರಿದರೆ ತಿಳಿಯುತ್ತದೆ. ಮಾವನು ಇಡೀ ಬಿರುಕನ್ನು ಉಗುರಿನಿಂದ ಸವರಿ ನೋಡಿದನು. ಕುಳಿಯಿರಲಿಲ್ಲ.

“ಆ ಮೂಲ್ಯಾಗ ತುಕ್ಕು ಉಳಿದಿತ್ತೇನು, ತಮ್ಮಾ?” ಎಂದು ಕೇಳಿದನು.

ಇಲ್ಲವೆನ್ನಬಹುದಾಗಿತ್ತು. ಗಾಜು ತಯಾರಿಸಿದವರನ್ನೋ ರಬ್ಬರು ಮಾರಿದವರನ್ನೋ ದೂರಬಹುದಾಗಿತ್ತು. ಮಾವನ ಮುಖವನ್ನು ನೋಡಿದೆ. ಸುಳ್ಳಾಡಲು ಬಾಯಿ ಬರಲಿಲ್ಲ. “ಹೌದು ಮಾವ, ನಾ ಅದರ ಮ್ಯಾಲೇ ಬಣ್ಣ ಹಚ್ಚಿದೆ” ಎಂದೆ.

ಅವನು ಬಯ್ಯಲಿಲ್ಲ. ಜೂನ್ ತಿಂಗಳಲ್ಲಿ ಮಗಳ ಪುಸ್ತಕಗಳಿಗೂ ಸಮವಸ್ತ್ರಕ್ಕೂ ಬೇಕೆಂದು ತೆಗೆದಿರಿಸಿದ್ದ ಹಣದಿಂದ ಇನ್ನೊಂದು ಗಾಜನ್ನು ತಂದನು. ತಂತಿ ಬ್ರಷ್ಷನ್ನು ನನ್ನ ಕೈಗೇ ಕೊಟ್ಟನು. “ಈ ಸಲನೂ ನೀನ ಮಾಡು” ಎಂದನು. ಆ ಮೂಲೆಯೊಂದನ್ನೇ ನಾನು ಮಧ್ಯಾಹ್ನವಿಡೀ ಉಜ್ಜಿದೆ. ಲಾರಿಯನ್ನು ಮಾರುವವರೆಗೂ ಆ ಎರಡನೆಯ ಗಾಜು ಹಾಗೆಯೇ ಇತ್ತು. ಸೋದರಮಾವನ ಮಗಳು ಮಾತ್ರ ಆ ವರ್ಷ ಹಳೆಯ ಸಮವಸ್ತ್ರದಲ್ಲಿಯೇ ಶಾಲೆಗೆ ಹೋದಳು.

ವಿದ್ಯಾರ್ಥಿಗಳೇ, ನಿಮ್ಮ ಲೆಕ್ಕದ ಪುಸ್ತಕಗಳಲ್ಲಿ ಉತ್ತರ ಸರಿಯಿದ್ದರೂ ನಡುವಿನ ಹಂತಗಳನ್ನು ನಾನೇಕೆ ಕೇಳುತ್ತೇನೆಂದು ನೀವು ಗೊಣಗುವುದುಂಟು. ಕಾರಣವು ಇದೇ. ಮರೆಯಲ್ಲಿರುವ ಕೆಲಸವೇ ಮೇಲಿನದನ್ನು ಹೊರುತ್ತದೆ. ತಪ್ಪಾದಾಗ ಅದನ್ನು ಒಪ್ಪಿಕೊಂಡವನ ಕೈಗೆ ಬ್ರಷ್ಷು ಮತ್ತೊಮ್ಮೆ ಬರುತ್ತದೆ. ಮುಂದಿನ ಸಲ ದಾರಿಯಲ್ಲಿ ಲಾರಿಯೊಂದನ್ನು ಕಂಡಾಗ ಅದರ ಗಾಜಿನ ಸುತ್ತಲಿರುವ ಕಪ್ಪು ಪಟ್ಟಿಯನ್ನು ಒಮ್ಮೆ ನೋಡಿರಿ. ಮನೆಗೆ ಹೋಗಿ ನಿಮ್ಮ ತಂದೆಯವರ ಕೆಲಸದ ಬಗೆಗೆ ಒಂದು ಪ್ರಶ್ನೆಯನ್ನಾದರೂ ಕೇಳಿರಿ.

ಅಭ್ಯಾಸ

1. ಮುಂದಿನ ಗಾಜಿಗೆ ಪದರವಿರುವ ಗಾಜನ್ನೇ ಬಳಸಲು ಕಾರಣವೇನು?
2. ಗಾಜಿಗೂ ತಗಡಿಗೂ ನಡುವೆ ರಬ್ಬರು ಇಲ್ಲದಿದ್ದರೆ ಏನಾಗುತ್ತಿತ್ತು?
3. 160 ಸೆಂಟಿಮೀಟರ್ ಉದ್ದ, 70 ಸೆಂಟಿಮೀಟರ್ ಎತ್ತರ, 6 ಮಿಲಿಮೀಟರ್ ದಪ್ಪವಿರುವ ಗಾಜಿನ ಸುತ್ತಳತೆಯನ್ನೂ ತೂಕವನ್ನೂ ಕಂಡುಹಿಡಿಯಿರಿ.
4. ಕಲ್ಲು ಬಡಿದು ಆದ ಬಿರುಕನ್ನು ಹೇಗೆ ಗುರುತಿಸುವಿರಿ?