ಪಂದ್ಯಕ್ಕೆ ಮುಂಚಿನ ಅರ್ಧ ಗಂಟೆ

2003ರ ಕ್ರಿಕೆಟ್ ವಿಶ್ವಕಪ್ ನಡೆಯುವಾಗ ನಾನು ಹೈಸ್ಕೂಲಿನಲ್ಲಿದ್ದೆ. ಪಂದ್ಯ ಶುರುವಾಗುವ ಮೊದಲೇ ಟಿ.ವಿ. ಮುಂದೆ ಚಾಪೆ ಹಾಸಿ ಕೂರುತ್ತಿದ್ದೆವು. ಸೋನಿಯವರ ಸ್ಟುಡಿಯೊದಲ್ಲಿ ಮಾಜಿ ಆಟಗಾರರ ನಡುವೆ ನಟಿ ಮಂದಿರಾ ಬೇಡಿ ಕುಳಿತಿರುತ್ತಿದ್ದರು. "ಇವಳಿಗೆ ಕ್ರಿಕೆಟ್ ಏನು ಗೊತ್ತು?" ಎಂದು ಮಾವ ನಗುತ್ತಿದ್ದರು. ನಾನೂ ನಗುತ್ತಿದ್ದೆ.

ಈ ವರ್ಷ ತರಗತಿಯಲ್ಲಿ ವೀಕ್ಷಕ ವಿವರಣೆಯ ಬಗ್ಗೆ ಪಾಠ ಮಾಡಲು ಹಳೆಯ ವಿಡಿಯೊಗಳನ್ನು ಹುಡುಕಿದಾಗ, ಅದೇ ಪ್ರಶ್ನೆ 28 ವರ್ಷ ಮೊದಲೇ ಅಮೆರಿಕದಲ್ಲಿ ಎದ್ದಿತ್ತು ಎಂದು ತಿಳಿಯಿತು.

ಅಲ್ಲಿ ಫುಟ್‌ಬಾಲ್ ಎಂದರೆ ನಮ್ಮ ಫುಟ್‌ಬಾಲ್ ಅಲ್ಲ. ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಆಟ. ಭಾನುವಾರದ ಪಂದ್ಯಗಳಿಗೆ ಮೊದಲು ಸಿಬಿಎಸ್ ವಾಹಿನಿ 1975ರಲ್ಲಿ 'ದಿ ಎನ್‌ಎಫ್‌ಎಲ್ ಟುಡೇ' ಎಂಬ ಕಾರ್ಯಕ್ರಮವನ್ನು ನೇರ ಪ್ರಸಾರದಲ್ಲಿ ಆರಂಭಿಸಿತು. ನಿರೂಪಕ ಬ್ರೆಂಟ್ ಮಸ್‌ಬರ್ಗರ್, ಪಕ್ಕದಲ್ಲಿ ಮಾಜಿ ಆಟಗಾರ, ಕಪ್ಪು ಜನಾಂಗದ ಇರ್ವ್ ಕ್ರಾಸ್, ಜೊತೆಗೆ 1971ರ ಮಿಸ್ ಅಮೆರಿಕ ಫಿಲಿಸ್ ಜಾರ್ಜ್. ಆ ಕಾಲಕ್ಕೆ ಅಂಥ ಮೇಜು ಹೊಸದು. ಸೌಂದರ್ಯ ಸ್ಪರ್ಧೆ ಗೆದ್ದವರಿಗೆ ಇಲ್ಲೇನು ಕೆಲಸ ಎಂದು ಟೀಕೆ ಬಂತು. ಫಿಲಿಸ್ ಆಟದ ಪಂಡಿತರಂತೆ ನಟಿಸಲಿಲ್ಲ. ಆಟಗಾರರ ಎದುರು ಕುಳಿತು ಅವರ ಮನೆ, ಬದುಕಿನ ಬಗ್ಗೆ ಕೇಳಿದರು. ಹೆಲ್ಮೆಟ್ಟಿನೊಳಗಿನ ಮುಖ ಜನರಿಗೆ ಕಂಡದ್ದು ಹೀಗೆ. 1978ರಲ್ಲಿ ಅವರ ಜಾಗಕ್ಕೆ ಕಪ್ಪು ಜನಾಂಗದ ನಟಿ ಜೇನ್ ಕೆನೆಡಿ ಬಂದರು.

ಪತ್ರಿಕೆಯ ದಾರಿಯಿಂದ ಬಂದವರು ಲೆಸ್ಲಿ ವಿಸರ್. 1976ರಲ್ಲಿ 'ಬೋಸ್ಟನ್ ಗ್ಲೋಬ್'ಗಾಗಿ ಒಂದು ತಂಡದ ವರದಿ ಮಾಡುವಾಗ, ತಮ್ಮ ಪಾಸಿನ ಮೇಲೆಯೇ ಹೆಂಗಸರಿಗೂ ಮಕ್ಕಳಿಗೂ ಪ್ರವೇಶವಿಲ್ಲ ಎಂದು ಅಚ್ಚಾಗಿತ್ತು ಎಂದು ಅವರು ಹೇಳಿಕೊಂಡಿದ್ದಾರೆ. ಮುಂದೆ ಅವರೂ ಸಿಬಿಎಸ್ ಸೇರಿದರು.

ಆದರೆ ಇವರ್ಯಾರೂ ಪಂದ್ಯದ ನೇರ ವಿವರಣೆ ಹೇಳಿದವರಲ್ಲ. ಸ್ಟುಡಿಯೊದ ಕುರ್ಚಿ ಸಿಕ್ಕಿದರೂ ಮೈದಾನದ ಮೈಕು ಗಂಡಸರ ಕೈಯಲ್ಲೇ ಇತ್ತು. ಅದು ಮೊದಲು ಸಿಕ್ಕಿದ್ದು ಗೇಲ್ ಸೀರೆನ್ಸ್ ಅವರಿಗೆ. 1987ರ ಡಿಸೆಂಬರ್ 27ರಂದು, ಎನ್‌ಬಿಸಿ ವಾಹಿನಿಗಾಗಿ, ಕಾನ್ಸಾಸ್ ಸಿಟಿಯಲ್ಲಿ. ಚೀಫ್ಸ್ ತಂಡ ಸೀಹಾಕ್ಸ್ ತಂಡವನ್ನು 41-20ರಿಂದ ಸೋಲಿಸಿತು. ಎನ್‌ಬಿಸಿ ಇನ್ನಷ್ಟು ಪಂದ್ಯ ಕೊಡಲು ಸಿದ್ಧವಿತ್ತು. ಆದರೆ ಗೇಲ್ ಟಾಂಪಾ ನಗರದಲ್ಲಿ ವಾರ್ತಾ ವಾಚಕಿಯಾಗಿದ್ದರು; ಎರಡರಲ್ಲಿ ಒಂದನ್ನು ಆರಿಸಬೇಕಾಯಿತು. ಅವರು ವಾರ್ತೆಯಲ್ಲೇ ಉಳಿದರು.

ಮುಂದಿನ ಹೆಸರು ಯಾವಾಗ ಬಂದಿರಬಹುದು ಎಂದು ತರಗತಿಯಲ್ಲಿ ಕೇಳಿದೆ. "1990?" "1995?" ಎಂದರು. ಲೀಗಿನ ಪಂದ್ಯವೊಂದಕ್ಕೆ ಬೆತ್ ಮೋವಿನ್ಸ್ ವಿವರಣೆ ಹೇಳಿದ್ದು 2017ರ ಸೆಪ್ಟೆಂಬರ್ 11ರಂದು. ನಡುವೆ ಸುಮಾರು 30 ವರ್ಷ. ಲೆಕ್ಕ ಹಾಕಿ ನೋಡಿ, ಅಷ್ಟರಲ್ಲಿ ಒಬ್ಬ ಮಗಳು ಹುಟ್ಟಿ, ಓದಿ, ಕೆಲಸಕ್ಕೂ ಸೇರಿಬಿಡುತ್ತಾಳೆ.

ಪಾಠ ಮುಗಿದ ಮೇಲೆ ಕೊನೆಯ ಬೆಂಚಿನ ಹುಡುಗಿಯೊಬ್ಬಳು ಬಂದು, "ಸರ್, ನಮ್ಮ ಕ್ರೀಡಾಕೂಟದಲ್ಲಿ ಮೈಕು ಯಾರ ಹತ್ತಿರ ಇರುತ್ತೆ?" ಎಂದು ಕೇಳಿದಳು. ಕಳೆದ ಮೂರು ವರ್ಷವೂ ಹುಡುಗರನ್ನೇ ಕರೆದವನು ನಾನೇ. ಹುಡುಗಿಯರನ್ನು ಬೇಡ ಎಂದಿರಲಿಲ್ಲ, ಕೇಳಿಯೇ ಇರಲಿಲ್ಲ.

ಈ ಬಾರಿ ವಿವರಣೆ ಹೇಳಲು ಇಷ್ಟವಿರುವವರು, ಹುಡುಗಿಯರೂ ಹುಡುಗರೂ, ಸ್ಟಾಫ್ ರೂಮಿಗೆ ಬಂದು ನನ್ನ ಬಳಿ ಹೆಸರು ಕೊಡಿ. ಮೊದಲ ಹೆಸರು ಆಗಲೇ ಬಂದಿದೆ.