ಹಗಲು ಕಚ್ಚುವ ಸೊಳ್ಳೆ

ನಮ್ಮ ವಾಚನಾಲಯಕ್ಕೆ ಬರುವ ಧಾರವಾಡದ ಕಡೆಯವರು ಅದನ್ನು ಗುಂಗಾಡವೆನ್ನುತ್ತಾರೆ, ಕರಾವಳಿಯವರು ನುಸಿಯೆನ್ನುತ್ತಾರೆ. ಹೆಸರೇನೇ ಇರಲಿ, ಸೊಳ್ಳೆಗಳಲ್ಲಿಯೂ ಜಾತಿಗಳುಂಟೆಂಬುದನ್ನು ಪರೇಲಿನ ಚಾಳುಗಳಲ್ಲಿರುವ ನಾವು ಅರಿಯಬೇಕು. ಗಟಾರದ ಕೊಳಕು ನೀರಿನಲ್ಲಿ ಹುಟ್ಟಿ ರಾತ್ರಿ ಕಿವಿಯ ಬಳಿ ಗುಂಯ್‌ಗುಡುವುದು ಕ್ಯೂಲೆಕ್ಸ್. ಮಲೇರಿಯ ತರುವುದು ಅನಾಫಿಲಿಸ್. ಡೆಂಗೀ ಜ್ವರವನ್ನು ಮುಖ್ಯವಾಗಿ ಹರಡುವುದು ಈಡಿಸ್ ಈಜಿಪ್ಟಿ ಎಂಬ ಮೂರನೆಯದು. 2006ರಲ್ಲಿ ಕರ್ನಾಟಕದ ಊರೂರುಗಳಲ್ಲಿ ಕೀಲು ಹಿಡಿಸಿ ಜನರನ್ನು ಮಲಗಿಸಿದ ಚಿಕೂನ್‌ಗುನ್ಯಾವನ್ನು ಹರಡುವುದೂ ಇದೇ.

ಇದರ ಮೈ ಕಪ್ಪು, ಕಾಲಿಗೆ ಬಿಳಿಯ ಪಟ್ಟೆಗಳು. ಕಚ್ಚುವುದು ಹಗಲಿನಲ್ಲಿ, ಬೆಳಿಗ್ಗೆ ಮತ್ತು ಹೊತ್ತು ಮುಳುಗುವ ಮುಂಚೆ ಹೆಚ್ಚು. ಆದುದರಿಂದ ರಾತ್ರಿ ಮಾತ್ರ ಪರದೆ ಕಟ್ಟಿದರೆ ಸಾಲದು. ಹಗಲು ಮಲಗುವ ಕೂಸಿಗೂ ರಾತ್ರಿಪಾಳಿ ಮುಗಿಸಿ ಬಂದವರಿಗೂ ಅದು ಬೇಕು. ಜ್ವರ ಬಂದವರಿಗಂತೂ ಬೇಕೇ ಬೇಕು. ಅವರನ್ನು ಕಚ್ಚಿದ ಸೊಳ್ಳೆ 8ರಿಂದ 12 ದಿನಗಳ ಬಳಿಕ ಇತರರಿಗೆ ರೋಗ ದಾಟಿಸಬಲ್ಲುದು.

ಇನ್ನು ಇದು ಹುಟ್ಟುವ ಸ್ಥಳ. ಗಟಾರವಲ್ಲ, ನಮ್ಮ ಮೋರಿಯ ಪಕ್ಕದ ಪಿಂಪು! ನಲ್ಲಿಯಲ್ಲಿ ನೀರು ಬರುವುದು ಗೊತ್ತಾದ ಹೊತ್ತಿಗೆ ಮಾತ್ರವಾದುದರಿಂದ ತುಂಬಿಡದೆ ಗತಿಯಿಲ್ಲ. ಪಾಲಿಕೆಯವರು ಬಂದು ಪಿಂಪು ಬಗ್ಗಿಸಿದರೆ ಹೆಂಗಸರಿಗೆ ಸಿಟ್ಟು ಬರುವುದು ಸಹಜ. ಕಾದು ಹಿಡಿದ ನೀರನ್ನು ಚೆಲ್ಲಿದರೆ ಯಾರು ಮೆಚ್ಚುತ್ತಾರೆ? ಅಷ್ಟಕ್ಕೂ ಬರಿದೆ ಚೆಲ್ಲಿದರೆ ಕೆಲಸ ಮುಗಿಯದು. ಹೆಣ್ಣು ಸೊಳ್ಳೆ ಮೊಟ್ಟೆಗಳನ್ನು ನೀರಿನ ಮಟ್ಟಕ್ಕಿಂತ ತುಸು ಮೇಲೆ, ಪಾತ್ರೆಯ ಒದ್ದೆ ಒಳಮೈಗೆ ಅಂಟಿಸುತ್ತದೆ. ಒಣಗಿದರೂ ಅವು ತಿಂಗಳುಗಟ್ಟಲೆ ಸಾಯುವುದಿಲ್ಲ. ಬೇಸಿಗೆಯಲ್ಲಿ ಮೂಲೆಗೆಸೆದ ಡಬ್ಬಿಗೆ ಮೊದಲ ಮಳೆಯ ನೀರು ಬಿದ್ದರೆ ಸಾಕು, ಹುಳುಗಳು ಹೊರಬರುತ್ತವೆ. ಮೊಟ್ಟೆಯು ಸೊಳ್ಳೆಯಾಗಲು 7ರಿಂದ 10 ದಿನ. ಅದಕ್ಕೇ ವಾರದ ಲೆಕ್ಕ. ವಾರಕ್ಕೊಮ್ಮೆ, ನೀರು ಮುಗಿಯುತ್ತ ಬಂದಾಗ, ಪಿಂಪಿನ ಒಳಮೈಯನ್ನು ತೆಂಗಿನ ನಾರಿನಿಂದ ಗಟ್ಟಿಯಾಗಿ ತಿಕ್ಕಿ ತೊಳೆಯಬೇಕು. ತುಂಬಿದ ಮೇಲೆ ಬಾಯಿಗೆ ಬಟ್ಟೆ ಬಿಗಿದು ಕಟ್ಟಬೇಕು. ಈ ಸೊಳ್ಳೆ ಬಹುದೂರ ಹಾರುವುದಿಲ್ಲ, ಹುಟ್ಟಿದ ಚಾಳಿನ ಸುತ್ತಲೇ ಇರುತ್ತದೆ. ಒಂದು ಖೋಲಿಯವರು ತಿಕ್ಕಿ ಪಕ್ಕದವರು ಬಿಟ್ಟರೆ ಫಲವಿಲ್ಲ; ಮಾಳಿಗೆಯವರೆಲ್ಲರೂ ಒಂದು ವಾರ ಗೊತ್ತುಮಾಡಿಕೊಳ್ಳುವುದು ಮೇಲು.

ಡೆಂಗೀ ವಿಷಾಣುವಿನಲ್ಲಿ ನಾಲ್ಕು ಬಗೆ. ಒಮ್ಮೆ ಬಂದು ಹೋದವರಿಗೆ ಬೇರೊಂದು ಬಗೆಯದು ತಗಲಬಹುದು, ಆಗ ಅಪಾಯ ಹೆಚ್ಚು. ಮೈಕೈನೋವಿಗೆಂದು ಆಸ್ಪಿರಿನ್ ನುಂಗಬಾರದು, ಅದು ರಕ್ತಸ್ರಾವವನ್ನು ಹೆಚ್ಚಿಸುತ್ತದೆ. ಜ್ವರ ಇಳಿಯಿತೆಂದು ಸಮಾಧಾನಪಡುವ ಹೊತ್ತೇ ಕಠಿಣವಾದುದು. ಆಗ ತೀವ್ರ ಹೊಟ್ಟೆನೋವು, ಮೇಲಿಂದ ಮೇಲೆ ವಾಂತಿ, ಒಸಡಿನಲ್ಲಿ ರಕ್ತ ಕಂಡರೆ ಬೆಳಗಾಗಲೆಂದು ಕಾಯದೆ ರೋಗಿಯನ್ನು ಕೆ.ಇ.ಎಂ. ಆಸ್ಪತ್ರೆಗೆ ಕರೆದೊಯ್ಯತಕ್ಕದ್ದು.